ಕಾರ್ಬುರೇಟರ್ ಬಿಚ್ಚುವ ಮೊದಲು

ಹಳೆಯ ಯೆಜ್ಡಿ ಮನೆಯಿಂದ ಸರಾಗವಾಗಿ ಹೊರಡುತ್ತದೆ. ನಾಲ್ಕೈದು ಕಿಲೋಮೀಟರ್ ಯಾವ ತಕರಾರೂ ಇಲ್ಲ. ಆಮೇಲೆ ಎಳೆತ ಕಡಿಮೆಯಾಗುತ್ತದೆ, ಎಂಜಿನ್ ಎರಡು ಸಲ ಕೆಮ್ಮುತ್ತದೆ, ಗಾಡಿ ನಿಂತುಬಿಡುತ್ತದೆ. ಸವಾರ ಕಿಕ್ ಹೊಡೆದು ಹೊಡೆದು ಬೆವರುತ್ತಾನೆ. ಬೇಸತ್ತು ಹತ್ತು ನಿಮಿಷ ನೆರಳಲ್ಲಿ ಕೂತು ಬಂದರೆ ಒಂದೇ ಕಿಕ್ಕಿಗೆ ಸ್ಟಾರ್ಟ್! ಮತ್ತೆ ನಾಲ್ಕೈದು ಕಿಲೋಮೀಟರ್, ಮತ್ತೆ ಅದೇ ರಗಳೆ. ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಮೊದಲ ತೀರ್ಪು ಹೆಚ್ಚುಕಡಿಮೆ ಗೊತ್ತಿರುವುದೇ: 'ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡ್ಬೇಕು.'

ಬಿಚ್ಚುತ್ತಾರೆ, ತೊಳೆಯುತ್ತಾರೆ, ಜೋಡಿಸುತ್ತಾರೆ. ಗಾಡಿ ಮತ್ತೆ ನಾಲ್ಕೈದು ಕಿಲೋಮೀಟರಿಗೇ ನಿಲ್ಲುತ್ತದೆ. ಏಕೆಂದರೆ ತಪ್ಪು ಕಾರ್ಬುರೇಟರಿನದಲ್ಲ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ್ದು. ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಚಿಕ್ಕ ರಂಧ್ರವೊಂದಿರುತ್ತದೆ. ಕೆಳಗೆ ಪೆಟ್ರೋಲ್ ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಹೋಗಬೇಕಲ್ಲ, ಅದರ ದಾರಿ ಅದು. ದೂಳು, ಪಾಲಿಶ್, ತುಕ್ಕು ಸೇರಿ ಆ ರಂಧ್ರ ಮುಚ್ಚಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟುತ್ತದೆ. ಎಳನೀರಿನ ಸ್ಟ್ರಾದ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಹೇಗೆ ಒಳಗೇ ನಿಲ್ಲುತ್ತದೋ ಹಾಗೆ ಪೆಟ್ರೋಲ್ ಟ್ಯಾಂಕಿನಲ್ಲೇ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಚೂರು ಗಾಳಿ ನುಸುಳಿ ಹರಿವು ಮರಳುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆರೆದು ನೋಡಿ. 'ಉಸ್ಸ್' ಎಂದು ಗಾಳಿ ಎಳೆದುಕೊಂಡ ಸದ್ದು ಬಂದು, ಗಾಡಿ ತಕ್ಷಣ ಸ್ಟಾರ್ಟ್ ಆದರೆ ರೋಗ ಪತ್ತೆಯಾಯಿತು. ಖರ್ಚು ಸೊನ್ನೆ.

ಹಳೆಯ ವಾಹನಗಳ ಇಂಧನ ವ್ಯವಸ್ಥೆಯ ತೊಂದರೆಗಳಲ್ಲಿ ಬಹಳಷ್ಟು ಇಂಥವೇ. ಕಾರ್ಬುರೇಟರ್ ಎಲ್ಲರ ಕಣ್ಣಿಗೆ ಬೀಳುವ ಆರೋಪಿ. ಕೈಗೂ ಸುಲಭವಾಗಿ ಸಿಗುತ್ತದೆ. ಆದರೆ ಅದು ಪೆಟ್ರೋಲಿನ ದಾರಿಯ ಕೊನೆಯ ನಿಲ್ದಾಣ. ಟ್ಯಾಂಕು, ಕಾಕು, ಫಿಲ್ಟರು, ಪೈಪು, ಕಾರಾದರೆ ಪಂಪು, ಇಷ್ಟನ್ನೂ ದಾಟಿ ಬಂದ ಮೇಲೆ ಕಾರ್ಬುರೇಟರ್. ಹುಡುಕಾಟವೂ ಇದೇ ಕ್ರಮದಲ್ಲಿ, ಒಂದು ಸಲಕ್ಕೆ ಒಂದೇ ಭಾಗವನ್ನು ಪರೀಕ್ಷಿಸುತ್ತ ಸಾಗಬೇಕು. ಒಂದೇ ದಿನ ಪ್ಲಗ್ ಬದಲಿಸಿ, ಕಾರ್ಬುರೇಟರಿನ ಜೆಟ್ ತೊಳೆದು, ಇಗ್ನಿಷನ್ ಪಾಯಿಂಟ್ ಸೆಟ್ಟಿಂಗನ್ನೂ ಮಾಡಿಬಿಟ್ಟರೆ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಯೆಜ್ಡಿಯ ಉದಾಹರಣೆ ಸುಮ್ಮನೆ ಬಂದದ್ದಲ್ಲ. ಮೈಸೂರಿನಲ್ಲಿ 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಂಪನಿ ಮೊದಲು ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ಕಟ್ಟಿತು. 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋಯಿತು, ಬೈಕುಗಳು ಉಳಿದವು. ಮೈಸೂರು, ಬೆಂಗಳೂರುಗಳಲ್ಲಿ ಅವು ಇವತ್ತಿಗೂ ರಸ್ತೆಯ ಮೇಲಿವೆ. ಅದೇ 1996ರಲ್ಲಿ ನಿಂತ ಯಮಹಾ ಆರ್‌ಎಕ್ಸ್ 100, ಮಾರುತಿ 800ರ ಕಾರ್ಬುರೇಟರ್ ಮಾದರಿಗಳು, ಪದ್ಮಿನಿ, ಅಂಬಾಸಡರ್ ಇವೆಲ್ಲವೂ ಅದೇ ಪೀಳಿಗೆಯವು. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ 'ಚೆಕ್ ಎಂಜಿನ್' ದೀಪವಿಲ್ಲ. ಆದರೆ ಕಣ್ಣು, ಕಿವಿ, ಮೂಗಿಗೆ ತಿಳಿಯುವಂತೆ ಎಲ್ಲವನ್ನೂ ಹೇಳುತ್ತವೆ.

ಮೊಟ್ಟಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ: ತೊಂದರೆ ಇರುವುದು ಪೆಟ್ರೋಲಿನಲ್ಲೋ, ಕರೆಂಟಿನಲ್ಲೋ? ಗಾಡಿ ನಿಂತ ರೀತಿಯೇ ಅರ್ಧ ಉತ್ತರ ಕೊಡುತ್ತದೆ. ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತರೆ ಇಗ್ನಿಷನ್ ಮೇಲೆ ಅನುಮಾನ. ಮುಗ್ಗರಿಸುತ್ತ, ಎಳೆದಾಡುತ್ತ, ಕ್ರಮೇಣ ನಿಂತರೆ ಪೆಟ್ರೋಲಿನ ಮೇಲೆ. ಉಳಿದ ಅರ್ಧ ಉತ್ತರ ಸ್ಪಾರ್ಕ್ ಪ್ಲಗ್ಗಿನಲ್ಲಿದೆ. ಹತ್ತಾರು ಸಲ ಕಿಕ್ ಹೊಡೆದ ಮೇಲೆ ಪ್ಲಗ್ ಬಿಚ್ಚಿದಾಗ ಅದು ಪೆಟ್ರೋಲಿನಲ್ಲಿ ನೆಂದಿದ್ದರೆ ಇಂಧನ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಒಣಗಿದ್ದರೆ ಇಂಧನವೇ ಬಂದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪಾಯಿಂಟ್ ಇರುವ ಹಳೆಯ ಇಗ್ನಿಷನ್‌ನಲ್ಲಿ ಕಂಡೆನ್ಸರ್ ಎಂಬ ಪುಟ್ಟ ಭಾಗವಿದೆ. ಅದು ಹಾಳಾಗುವಾಗ ಬಿಸಿಗೆ ಸೋಲುತ್ತದೆ, ತಣ್ಣಗಾದರೆ ಮತ್ತೆ ಕೆಲಸ ಮಾಡುತ್ತದೆ. ಇಗ್ನಿಷನ್ ಕಾಯಿಲ್ ಕೂಡ ಹಾಗೆಯೇ. ಮುಚ್ಚಿಹೋದ ಟ್ಯಾಂಕ್ ಮುಚ್ಚಳಕ್ಕೂ ಸೋತ ಕಂಡೆನ್ಸರಿಗೂ ಹೊರಗಿನ ಲಕ್ಷಣ ಒಂದೇ: ಸ್ವಲ್ಪ ದೂರ ಓಟ, ನಿಲುಗಡೆ, ವಿರಾಮ, ಮತ್ತೆ ಓಟ. ಕಾರ್ಬುರೇಟರಿನ ತಲೆಗೆ ಕಟ್ಟಿದ ದೂರುಗಳಲ್ಲಿ ದೊಡ್ಡ ಪಾಲು ಇಗ್ನಿಷನ್ನಿನದು ಎಂದು ಪಳಗಿದ ಮೆಕ್ಯಾನಿಕ್‌ಗಳು ಹೇಳುವುದು ಅನುಭವದ ಮಾತು. ನಿಂತ ಜಾಗದಲ್ಲೇ, ಎಂಜಿನ್ ಬಿಸಿಯಾಗಿರುವಾಗಲೇ ಪರೀಕ್ಷೆ ಮಾಡಿದರೆ ಮಾತ್ರ ಕಳ್ಳ ಸಿಕ್ಕಿಬೀಳುತ್ತಾನೆ. ಗ್ಯಾರೇಜ್ ತಲುಪುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ.

ಪ್ಲಗ್ ಒಣಗಿತ್ತು ಎಂದುಕೊಳ್ಳೋಣ. ಹಾಗಾದರೆ ಟ್ಯಾಂಕಿನಿಂದ ಹೊರಡಬೇಕು. ಬೈಕಿನಲ್ಲಿ ಕಾರ್ಬುರೇಟರಿಗೆ ಸೇರುವ ಪೈಪನ್ನು ಕಿತ್ತು ಪಾರದರ್ಶಕ ಬಾಟಲಿಗೆ ಇಳಿಬಿಟ್ಟು ಕಾಕ್ ತೆರೆದರೆ ಪೆಟ್ರೋಲ್ ಒಂದೇ ಧಾರೆಯಾಗಿ ಸುರಿಯಬೇಕು. ಶುರುವಿನಲ್ಲಿ ಚೆನ್ನಾಗಿ ಬಂದು ಅರ್ಧ ನಿಮಿಷದಲ್ಲಿ ತೊಟ್ಟಿಕ್ಕತೊಡಗಿದರೆ ಮುಚ್ಚಳ ಅಥವಾ ಕಾಕಿನೊಳಗಿನ ಜಾಲರಿ. ರಿಸರ್ವಿನಲ್ಲಿ ಬಂದು ಮೇನ್‌ನಲ್ಲಿ ಬರದಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಕಡಿಮೆಯಿದೆ, ಇಲ್ಲವೇ ಮೇನ್ ಕೊಳವೆ ಕಟ್ಟಿದೆ. ಬಾಟಲಿಯನ್ನು ಹಾಗೇ ಅಲುಗಾಡದಂತೆ ಇಟ್ಟು ಸ್ವಲ್ಪ ಹೊತ್ತಿನ ಮೇಲೆ ಬೆಳಕಿಗೆ ಹಿಡಿದರೆ ಇನ್ನಷ್ಟು ಕಾಣುತ್ತದೆ. ತಳದಲ್ಲಿ ಕೆಂಗಂದು ಪುಡಿ ಕೂತಿದ್ದರೆ ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿದಿದೆ. ತಳದಲ್ಲಿ ಬೇರೆಯೇ ಪದರ ಕಂಡರೆ ನೀರು ಸೇರಿದೆ. ತುಕ್ಕು ಹಿಡಿದ ಟ್ಯಾಂಕನ್ನು ಹಾಗೇ ಬಿಟ್ಟು ಕಾರ್ಬುರೇಟರನ್ನು ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ. ವಾರದೊಳಗೆ ಮತ್ತೆ ಅದೇ ಕಸ ಬಂದು ಜೆಟ್ಟಿನಲ್ಲಿ ಕೂರುತ್ತದೆ.

ಕಾರುಗಳಲ್ಲಿ ಟ್ಯಾಂಕ್ ಹಿಂದೆ, ಎಂಜಿನ್ ಮುಂದೆ. ನಡುವೆ ಪಂಪ್ ಬೇಕೇ ಬೇಕು. ಮಾರುತಿ 800, ಪದ್ಮಿನಿಗಳ ಕಾರ್ಬುರೇಟರ್ ಮಾದರಿಗಳಲ್ಲಿ ಎಂಜಿನ್ನಿನ ಕ್ಯಾಮ್‌ಶಾಫ್ಟ್ ಒತ್ತಿ ಬಿಡುವ ಸನ್ನೆಯೊಂದು ರಬ್ಬರಿನ ಡಯಾಫ್ರಾಂ ಅನ್ನು ಮೇಲೆ ಕೆಳಗೆ ಆಡಿಸಿ ಪೆಟ್ರೋಲ್ ಎಳೆಯುತ್ತದೆ. ಇದೇ ಪಂಪಿನಿಂದ ಹಳೆಯ ಕಾರುಗಳಿಗೆ ಘಾಟಿಯಲ್ಲಿ ಬರುತ್ತಿದ್ದ ಪ್ರಸಿದ್ಧ ಕಾಯಿಲೆ ವೇಪರ್ ಲಾಕ್. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಮೊದಲನೇ ಗೇರಿನಲ್ಲಿ ಏರುವಾಗ ಎಂಜಿನ್ ಕಾಯುತ್ತದೆ, ಎದುರುಗಾಳಿ ಕಡಿಮೆ. ಬ್ಲಾಕಿಗೆ ಅಂಟಿಕೊಂಡ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಡಯಾಫ್ರಾಂ ಆ ಆವಿಯನ್ನು ಒತ್ತುತ್ತಲೇ ಇರುತ್ತದೆ, ಪೆಟ್ರೋಲ್ ಮಾತ್ರ ಮುಂದೆ ಹೋಗುವುದಿಲ್ಲ. ಅಂಬಾಸಡರ್, ಪದ್ಮಿನಿ ಚಾಲಕರು ತಿರುವಿನಲ್ಲಿ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಅದು ಮೂಢನಂಬಿಕೆಯಲ್ಲ, ನೇರ ಭೌತಶಾಸ್ತ್ರ. ಪಂಪ್ ತಣ್ಣಗಾಗಿ ಆವಿ ಮತ್ತೆ ದ್ರವವಾಗುತ್ತದೆ.

ಈ ಬಟ್ಟೆಯನ್ನೇ ರೋಗಪತ್ತೆಗೂ ಬಳಸಬಹುದು. ಬರೀ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎರಡು ಮೂರು ನಿಮಿಷದಲ್ಲಿ ಕಾರು ಹೊರಟರೆ ವೇಪರ್ ಲಾಕ್ ಖಚಿತ. ಏನೂ ಬದಲಾಗದೆ, ಇಡೀ ಎಂಜಿನ್ ಆರಿದ ಮೇಲೆಯೇ ಹೊರಟರೆ ಕಾಯಿಲ್ ಅಥವಾ ಕಂಡೆನ್ಸರ್ ನೋಡಬೇಕು.

ಡಯಾಫ್ರಾಂ ಹರಿದರೆ ಲಕ್ಷಣ ಬೇರೆ. ಪೆಟ್ರೋಲ್ ಎಂಜಿನ್ನಿನ ಕೆಳಭಾಗಕ್ಕೆ ಸೋರಿ ಆಯಿಲಿನಲ್ಲಿ ಬೆರೆಯುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮಟ್ಟ ಏರಿದ್ದು, ಮೂಗಿಗೆ ಪೆಟ್ರೋಲ್ ವಾಸನೆ ಹೊಡೆದರೆ ಆ ಕಾರನ್ನು ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಪಾಡುವುದಿಲ್ಲ. ಡಯಾಫ್ರಾಂ ಕಿಟ್ ಅಗ್ಗದ ವಸ್ತು, ಬೇರಿಂಗ್ ಹಾಗಲ್ಲ.

ಇಷ್ಟೆಲ್ಲ ದಾಟಿದ ಮೇಲೆ ಕಾರ್ಬುರೇಟರಿನ ಸರದಿ. ಅದರ ಕೆಲಸ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೆರೆಸುವುದು. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಲೂ ಪೂರ್ತಿ ಎಳೆತದಲ್ಲೂ ಪೆಟ್ರೋಲ್ ಅಂಶ ಇನ್ನಷ್ಟು ಬೇಕು. ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ರಿಚ್, ಕಡಿಮೆಯಾದರೆ ಲೀನ್. ಕೆಳಗಿನ ಬಟ್ಟಲಿನಲ್ಲಿ ಫ್ಲೋಟ್ ಮತ್ತು ಸೂಜಿ ಸೇರಿ ಪೆಟ್ರೋಲಿನ ಮಟ್ಟ ಕಾಯುತ್ತವೆ. ಸೂಜಿಯ ತುದಿ ಸವೆದರೆ ಅಥವಾ ಅಲ್ಲಿ ಕಸ ಸಿಕ್ಕರೆ ಓವರ್‌ಫ್ಲೋ. ಕಾಕ್ ಮುಚ್ಚದೆ ರಾತ್ರಿ ನಿಲ್ಲಿಸಿದ ಬೈಕಿನ ಕೆಳಗೆ ಬೆಳಿಗ್ಗೆ ಒದ್ದೆ ಕಲೆ ಕಾಣುವುದು ಇದರಿಂದಲೇ.

ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ತುಣುಕುಗಳಾದ ಜೆಟ್‌ಗಳಲ್ಲಿ ಯಾವುದು ಕಟ್ಟಿದೆ ಎಂಬುದನ್ನು ಬಿಚ್ಚದೆಯೇ ತಿಳಿಯುವ ಚೊಕ್ಕ ವಿಧಾನವೊಂದಿದೆ. ಬೈಕಿನ ಆಕ್ಸಿಲರೇಟರ್ ಹಿಡಿಯ ಮೇಲೆ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಬೇಕು. ಬಿಡುವಾದ ರಸ್ತೆಯಲ್ಲಿ ಓಡಿಸುತ್ತ ತೊಂದರೆ ಎಲ್ಲಿ ಬರುತ್ತದೆ ಎಂದು ಗಮನಿಸಬೇಕು. ಐಡ್ಲಿಂಗಿನಲ್ಲಿ ಎಂಜಿನ್ ನಿಂತುಹೋಗುತ್ತದೆ, ಕಾಲು ಭಾಗದವರೆಗೆ ತಡವರಿಕೆ ಎಂದರೆ ಸ್ಲೋ ಜೆಟ್. ನಡುವಿನ ಭಾಗದಲ್ಲಿ ಎಳೆದಾಟವಾದರೆ ಥ್ರಾಟಲ್ ಸೂಜಿ ಮತ್ತು ಅದರ ಗೂಡು. ಮುಕ್ಕಾಲು ದಾಟಿದ ಮೇಲೆ ಉಸಿರುಗಟ್ಟಿದಂತಾದರೆ ಮೇನ್ ಜೆಟ್, ಇಲ್ಲವೇ ಪೆಟ್ರೋಲ್ ಹರಿವೇ ಸಾಲುತ್ತಿಲ್ಲ. ಇದು ನಿಗದಿಯಾದರೆ ಗ್ಯಾರೇಜಿನಲ್ಲಿ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಜೆಟ್ ತೊಳೆಯುವ ರೀತಿಯ ಬಗ್ಗೆ ಮಾತ್ರ ರಾಜಿ ಬೇಡ. ಹಿತ್ತಾಳೆಯ ಆ ತುಣುಕಿನಲ್ಲಿರುವ ರಂಧ್ರ, ಸ್ಲೋ ಜೆಟ್ಟಿನಲ್ಲಂತೂ, ಅರ್ಧ ಮಿಲಿಮೀಟರಿಗಿಂತ ಸಣ್ಣದು. ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆಯನ್ನು ತೂರಿಸಿ ಉಜ್ಜುವ ಪದ್ಧತಿ ಎಷ್ಟೋ ಕಡೆ ಇದೆ. ಹಿತ್ತಾಳೆಗಿಂತ ಉಕ್ಕು ಗಟ್ಟಿ. ರಂಧ್ರ ಸವೆದು ಅಗಲವಾಗುತ್ತದೆ. ಆಮೇಲೆ ಆ ಗಾಡಿ ಯಾವ ಟ್ಯೂನಿಂಗಿಗೂ ಬಗ್ಗುವುದಿಲ್ಲ, ಮೈಲೇಜ್ ಬೀಳುತ್ತದೆ, ಹೊಗೆ ಏರುತ್ತದೆ. ಕಾರ್ಬುರೇಟರ್ ಕ್ಲೀನರ್ ದ್ರವದಲ್ಲಿ ನೆನೆಸಿ ಕಂಪ್ರೆಸರ್ ಗಾಳಿ ಬಿಟ್ಟರೆ ಸಾಕು.

ಇನ್ನೊಂದು ಮೋಸಗಾರ ಕಾಯಿಲೆ, ಕಾರ್ಬುರೇಟರಿನ ಆಚೆ ಕಳ್ಳದಾರಿಯಲ್ಲಿ ಒಳನುಗ್ಗುವ ಗಾಳಿ. ಎಂಜಿನ್ನಿಗೆ ಜೋಡಿಸುವ ರಬ್ಬರ್ ಅಥವಾ ಗ್ಯಾಸ್ಕೆಟ್ ಬಿರುಕು ಬಿಟ್ಟರೆ ಐಡ್ಲಿಂಗ್ ಏರಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ. ಓಡುತ್ತಿರುವ ಎಂಜಿನ್ನಿನ ಆ ಸಂದಿಗೆ ಸೋಪಿನ ನೀರು ಸವರಿದಾಗ ಸದ್ದು ಬದಲಾದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ. ಯೆಜ್ಡಿ, ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಬೈಕುಗಳಲ್ಲಿ ಕ್ರ್ಯಾಂಕ್ ಆಯಿಲ್ ಸೀಲ್ ಸವೆದರೂ ಇದೇ ಲಕ್ಷಣ. ಲೀನ್ ಆದ ಟೂ ಸ್ಟ್ರೋಕ್ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿರುವುದರಿಂದ ಇದನ್ನು ಮುಂದೂಡುವುದು ಸಲ್ಲ.

ಪ್ಲಗ್ಗಿನ ಬಣ್ಣ ಓದುವ ಕಲೆ ಹಳೆಯ ಮೆಕ್ಯಾನಿಕ್‌ಗಳಿಗೆ ಕರಗತ: ಕಾಫಿ ಬಣ್ಣ ಆರೋಗ್ಯ, ಮಸಿಗಪ್ಪು ರಿಚ್, ಬಿಳಿಚಿದ್ದರೆ ಲೀನ್. ಆದರೆ ಪ್ರತಿ ಪೆಟ್ರೋಲ್ ವಾಹನದ ಮಾಲೀಕರ ಕೈಯಲ್ಲೇ ಇರುವ ಇನ್ನೊಂದು ವರದಿಯನ್ನು ಯಾರೂ ಓದುವುದಿಲ್ಲ. ಅದು ಎಮಿಷನ್ ಟೆಸ್ಟ್ ಚೀಟಿ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಂಕಿಗಳಿರುತ್ತವೆ. ಮೊನಾಕ್ಸೈಡ್ ಏರಿದ್ದರೆ ಮಿಶ್ರಣ ರಿಚ್: ಚೋಕ್ ಸಿಕ್ಕಿಕೊಂಡಿರಬಹುದು, ಫ್ಲೋಟ್ ಮಟ್ಟ ಹೆಚ್ಚಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಮೊನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಜಿಗಿದಿದ್ದರೆ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ, ಅಂದರೆ ಮಿಸ್ಸಿಂಗ್. ಕಾರಣ ಅತಿ ಲೀನ್ ಮಿಶ್ರಣ ಅಥವಾ ಇಗ್ನಿಷನ್. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡು ಹೋಲಿಸಿದರೆ ಗಾಡಿ ಯಾವಾಗಿನಿಂದ ಕೆಡುತ್ತಾ ಬಂದಿದೆ ಎಂಬುದೂ ತಿಳಿಯುತ್ತದೆ.

ಈಚಿನ ವರ್ಷಗಳಲ್ಲಿ ಈ ಕತೆಗೆ ಹೊಸ ಪಾತ್ರವೊಂದು ಸೇರಿದೆ: ಎಥನಾಲ್. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಇಂಧನವನ್ನು ಪ್ರಧಾನಿ ನರೇಂದ್ರ ಮೋದಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಕಬ್ಬು ಬೆಳೆಯುವ ಬೆಳಗಾವಿ, ಬಾಗಲಕೋಟೆ, ಮಂಡ್ಯ ಸೀಮೆಗಳಿರುವ ಕರ್ನಾಟಕಕ್ಕೆ ಎಥನಾಲ್ ಎಂದರೆ ಆದಾಯವೂ ಹೌದು. ಆದರೆ 1980ರ ದಶಕದ ಬೈಕಿನ ರಬ್ಬರ್ ಪೈಪು, ಡಯಾಫ್ರಾಂ, ವಾಷರ್‌ಗಳನ್ನು ಮಾಡಿದಾಗ ಎಥನಾಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಅದು ಅಂಥ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ, ಕ್ರಮೇಣ ಬಿರುಕು ಬಿಡಿಸುತ್ತದೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಗೋಂದಿನಂಥ ಕೊಳೆಯನ್ನು ಕರಗಿಸಿ ಫಿಲ್ಟರಿಗೆ ತಂದು ತುಂಬುತ್ತದೆ.

ನೀರಿನ ವಿಷಯದಲ್ಲಿ ಅದರ ಗುಣ ಇನ್ನೂ ವಿಚಿತ್ರ. ಎಥನಾಲ್ ನೀರನ್ನು ತನ್ನಲ್ಲಿ ಹೀರಿಕೊಳ್ಳುತ್ತದೆ. ಚೂರು ನೀರು ಸೇರಿದರೆ ಗೊತ್ತೇ ಆಗದು. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಕಾಕ್ ಇರುವುದು ತಳದಲ್ಲಿಯೇ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡು ತಿಂಗಳು ಮೂಲೆಯಲ್ಲಿ ನಿಂತಿದ್ದ ಗಾಡಿ ಎಷ್ಟು ಕಿಕ್ ಹೊಡೆದರೂ ಹೊರಡದಿದ್ದರೆ ಮೊದಲು ಮಾಡಬೇಕಾದದ್ದು ಮೇಲೆ ಹೇಳಿದ ಬಾಟಲಿ ಪರೀಕ್ಷೆ.

ಮಿಶ್ರಣದ ಲೆಕ್ಕವೂ ಬದಲಾಗುತ್ತದೆ. ಶುದ್ಧ ಎಥನಾಲ್ ಉರಿಯಲು ಸುಮಾರು 9 ಭಾಗ ಗಾಳಿ ಸಾಕು. ಹಾಗಾಗಿ ಬರೀ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಇ20 ಹರಿದರೆ ಮಿಶ್ರಣ ತುಸು ಲೀನ್ ಆಗುತ್ತದೆ. ಸೆನ್ಸರ್ ಇರುವ ಗಾಡಿ ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ನೀತಿ ಆಯೋಗದ 2021ರ ವರದಿಯೇ ಬರೀ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10 ಎಥನಾಲ್‌ನ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಮೈಲೇಜ್ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4 ಕುಸಿಯಬಹುದೆಂದು ಅಂದಾಜಿಸಿತ್ತು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಂದರೆ ಹಳೆಯ ಗಾಡಿಯವರು ಸಿಕ್ಕ ಇಂಧನಕ್ಕೆ ಗಾಡಿಯನ್ನೇ ಸಿದ್ಧಪಡಿಸಿಕೊಳ್ಳಬೇಕು: ಎಥನಾಲ್ ತಾಳುವ ಪೈಪು, ವೈಟನ್ ಎಂಬ ರಬ್ಬರಿನ ತುದಿಯ ಫ್ಲೋಟ್ ಸೂಜಿ, ಅಗತ್ಯವಿದ್ದರೆ ಒಂದು ಅಳತೆ ದೊಡ್ಡ ಜೆಟ್.

ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿರುವ, 2000ದ ಆಸುಪಾಸಿನ ಎಂಪಿಎಫ್‌ಐ ಕಾರುಗಳೂ ಈಗ ಹಳೆಯವೇ. ಅವುಗಳಲ್ಲಿ ಕೀ ತಿರುಗಿಸಿದೊಡನೆ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್‌ಗುಟ್ಟುವ ಸದ್ದು ಬರಬೇಕು. ಅದು ಟ್ಯಾಂಕಿನೊಳಗಿನ ಪಂಪು. ಸದ್ದೇ ಇಲ್ಲವಾದರೆ ಪಂಪ್ ಕೊಳ್ಳುವ ಮೊದಲು ಫ್ಯೂಸ್, ರಿಲೇ ನೋಡಬೇಕು. ಸದ್ದಿದ್ದೂ ಎಳೆತವಿಲ್ಲದಿದ್ದರೆ ಪ್ರೆಶರ್ ಗೇಜ್ ಹಾಕಿಸಬೇಕು. ಈ ಪಂಪು ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ, ಆದ್ದರಿಂದ ಸದಾ ರಿಸರ್ವಿನಲ್ಲಿ ಓಡಿಸುವವರ ಪಂಪ್ ಬೇಗ ಸಾಯುತ್ತದೆ.

ಡೀಸೆಲ್ ಜೀಪು, ಟ್ರ್ಯಾಕ್ಟರುಗಳ ಲೋಕವೇ ಬೇರೆ. ಆ ಲೋಕದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಾರ್ಖಾನೆ, ದೇಶದ ಅಸಂಖ್ಯ ಲಾರಿ, ಟ್ರ್ಯಾಕ್ಟರುಗಳಿಗೆ ಇಂಜೆಕ್ಷನ್ ಪಂಪು, ನಾಝಲ್ ಕೊಟ್ಟಿತು. ಡೀಸೆಲ್ಲಿನಲ್ಲಿ ಮೊದಲ ಶತ್ರು ಗಾಳಿ. ಟ್ಯಾಂಕ್ ಒಮ್ಮೆ ಖಾಲಿಯಾದರೆ, ಅಥವಾ ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೆ ಗಾಳಿ ಸೇರಿ ಎಂಜಿನ್ ಹೊರಡದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಏರ್ ತೆಗೆಯಬೇಕು. ಮತ್ತೆ ಮತ್ತೆ ಏರ್ ತೆಗೆಯಬೇಕಾಗಿ ಬಂದರೆ ಸೋರುವ ಜೋಡಣೆಯನ್ನು ಹುಡುಕಬೇಕೇ ಹೊರತು ಪಂಪನ್ನು ಬಿಚ್ಚಬಾರದು. ಎಂಜಿನ್ ಓಡುವಾಗ ನಾಝಲ್ ಪೈಪಿನ ಸೋರಿಕೆಯನ್ನು ಬೆರಳಿಟ್ಟು ನೋಡುವುದು ಘೋರ ಅಪಾಯ. ನೂರಾರು ಬಾರ್ ಒತ್ತಡದ ಆ ಎಳೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗಿನ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆ ಸೇರಬೇಕು.

ಪೆಟ್ರೋಲಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತ ಹೋಗಿ ದೂರದ ಕಿಡಿಯನ್ನೂ ಮುಟ್ಟುತ್ತದೆ. ಪೈಪ್ ಬಿಚ್ಚುವ ಮೊದಲು ಬ್ಯಾಟರಿ ಕಳಚಿ, ಎಂಜಿನ್ ಆರಲು ಬಿಡಿ, ಕೆಲಸ ಬಯಲಲ್ಲಿ ನಡೆಯಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಬಾಯಿಯಿಂದ ಪೈಪ್ ಹೀರಿ ಪೆಟ್ರೋಲ್ ಎಳೆಯುವುದು ಶ್ವಾಸಕೋಶಕ್ಕೆ ಕುತ್ತು, ಅದನ್ನು ಯಾರೂ ಮಾಡಬಾರದು. ಹಳೆಯ ಗಾಡಿಯೊಂದು ಮನೆಯಲ್ಲಿದ್ದರೆ ಈ ಭಾನುವಾರ ಬೇರೇನೂ ಬಿಚ್ಚಬೇಡಿ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ರಬ್ಬರ್ ಪೈಪನ್ನು ಬಗ್ಗಿಸಿ, ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಅಂಟಂಟಾಗಿದ್ದರೆ, ಗೆರೆಗೆರೆ ಬಿರುಕು ಕಂಡರೆ ಹೊಸದು ಹಾಕಿಸುವವರೆಗೆ ಆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ.